ಹಣೆಗೆ ಪಟ್ಟ, ತಲೆಗೆ ತೈಲ: ಇತಿಹಾಸಕಾರರಿಂದ ಕಲಿಯುವ ಪಾಠ



ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲ ದಾಟಿ ದಾಬಸ್‌ಪೇಟೆ ತಲುಪಿದಿರೆಂದರೆ ನೀವು ಸೋಂಪುರ ಹೋಬಳಿಗೆ ಬಂದಿರಿ. ಎಡಗಡೆ ಶಿವಗಂಗೆಯ ಬೆಟ್ಟ. ಸುತ್ತಮುತ್ತ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು, ಗೋದಾಮುಗಳು, ಸಾಲುಸಾಲು ಲಾರಿಗಳು. ಇಲ್ಲಿ ಕೆಲಸಕ್ಕೆ ಬರುವ ನಮ್ಮ ಯುವಕರಿಗೆ ಸೋಂಪುರವೆಂದರೆ ಪಾಳಿಯ ಹೊತ್ತು, ಕಂಪನಿ ಬಸ್ಸು, ತಿಂಗಳ ಸಂಬಳ. ಆದರೆ ಇದೇ ನೆಲಮಂಗಲ ತಾಲ್ಲೂಕಿನಲ್ಲಿ ಒಂದು ಕಾಲದಲ್ಲಿ ಅರಸರ ಬೀಡು ಇತ್ತೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಮಣ್ಣೆ ಎಂಬ ಹಳ್ಳಿಯೇ ಆ ಬೀಡು. ಶಾಸನಗಳಲ್ಲಿ ಅದರ ಹೆಸರು ಮಾನ್ಯಪುರ. ಎಂಟನೆಯ ಶತಮಾನದಲ್ಲಿ ಗಂಗರ ಅರಸ ಶ್ರೀಪುರುಷ ಆಳಿದ್ದು ಅಲ್ಲಿಂದಲೇ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿ ನಿಜವಾಗಿದೆ.

ಈ ವಾರ ನಾವು ಒಂದು ಪ್ರಶ್ನೆಯನ್ನು ಎತ್ತಿಕೊಳ್ಳೋಣ. ಹಳೆಯ ಕಾಲದ ರಾಜರ ಬಗ್ಗೆ ಓದುವುದನ್ನೇ ಒಬ್ಬ ಮನುಷ್ಯ ತನ್ನ ಜೀವನದ ಕೆಲಸವಾಗಿ ಮಾಡಿಕೊಳ್ಳಬಹುದೇ? ಅದರಿಂದ ಕುಟುಂಬಕ್ಕೆ, ಸಮಾಜಕ್ಕೆ, ವಿಶ್ವಾಸಕ್ಕೆ ಏನು ಪ್ರಯೋಜನ? ಮಗನೋ ಮಗಳೋ ಪಿಯುಸಿ ಮುಗಿಸಿ "ನಾನು ಇತಿಹಾಸ ಓದುತ್ತೇನೆ" ಎಂದಾಗ ಮನೆಯಲ್ಲಿ ಮೌನ ಆವರಿಸುವುದನ್ನು ನೀವೂ ಕಂಡಿರಬಹುದು. ಆ ಮೌನಕ್ಕೆ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ.

ಮಣ್ಣೆ ಮತ್ತು ರೋಮ್

ಮಣ್ಣೆಯಲ್ಲಿ ಸಿಕ್ಕ ಎರಡು ತಾಮ್ರಶಾಸನಗಳು ಬಹಳ ಪ್ರಸಿದ್ಧ. ಒಂದರ ಕಾಲ ಶಕ 719, ಅಂದರೆ ಕ್ರಿ.ಶ. 797. ಇನ್ನೊಂದರದು ಶಕ 724, ಅಂದರೆ ಕ್ರಿ.ಶ. 802. ಶ್ರೀವಿಜಯನೆಂಬ ಸೇನಾನಿ ಮಾನ್ಯಪುರದಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಕೊಟ್ಟ ದತ್ತಿಯನ್ನು ಅವು ಹೇಳುತ್ತವೆ. ಮೊದಲ ಶಾಸನ ಗಂಗ ರಾಜಕುಮಾರ ಮಾರಸಿಂಹನ ಹೆಸರಿನಲ್ಲಿದೆ. ಎರಡನೆಯದು ರಾಷ್ಟ್ರಕೂಟ ಮನೆತನದ ಕಂಬರಾಜನ ಹೆಸರಿನಲ್ಲಿದೆ. ಐದೇ ವರ್ಷಗಳಲ್ಲಿ ಆಳುವವರು ಬದಲಾಗಿದ್ದರು. ದೇವರ ಮನೆಗೆ ಕೊಡುವ ಪದ್ಧತಿ ಬದಲಾಗಿರಲಿಲ್ಲ.

ಈ ಎರಡು ವರ್ಷಗಳ ನಡುವೆ, ಕ್ರಿ.ಶ. 800ರ ಕ್ರಿಸ್ತಜಯಂತಿಯ ದಿನ, ರೋಮ್ ನಗರದ ಸಂತ ಪೇತ್ರರ ಮಹಾದೇವಾಲಯದಲ್ಲಿ ಜಗದ್ಗುರು ಮೂರನೆಯ ಲಿಯೋ ಅವರು ಫ್ರಾಂಕ್ ಜನಾಂಗದ ಅರಸ ಚಾರ್ಲ್ಸನ ತಲೆಯ ಮೇಲೆ ಕಿರೀಟವಿಟ್ಟು ಅವನನ್ನು ಸಮ್ರಾಟನೆಂದು ಘೋಷಿಸಿದರು. ಚರಿತ್ರೆ ಅವನನ್ನು ಶಾರ್ಲಮೇನ್ ಎಂದು ಕರೆಯುತ್ತದೆ. ಮಣ್ಣೆಯವರಿಗೆ ರೋಮಿನ ಸುದ್ದಿ ತಿಳಿದಿರಲಿಲ್ಲ, ರೋಮಿನವರಿಗೆ ಮಣ್ಣೆಯ ಸುದ್ದಿ ತಿಳಿದಿರಲಿಲ್ಲ. ಆದರೂ ಎರಡು ಕಡೆಯೂ ಜನ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳುತ್ತಿದ್ದರು: ಒಬ್ಬ ಮನುಷ್ಯನನ್ನು ರಾಜನನ್ನಾಗಿ ಮಾಡುವುದು ಯಾವುದು?

ನಮ್ಮ ನಾಡಿನ ಉತ್ತರ 'ಪಟ್ಟ'. ಅರಸನ ಹಣೆಗೆ ಕಟ್ಟುವ ಪಟ್ಟಿ ಅದು. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಕಂಬದ ಶಾಸನ ಕದಂಬ ವಂಶದ ಕಥೆಯನ್ನು ಹೇಳುತ್ತದೆ. ಮಯೂರಶರ್ಮನು ವೇದ ಓದಲು ಕಂಚಿಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಯಿತು. ಅವಮಾನ ತಾಳಲಾರದೆ, ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದ. ಕೊನೆಗೆ ಪಲ್ಲವರೇ ಅವನಿಗೆ ಪಟ್ಟ ಕಟ್ಟಿ ನಾಡನ್ನು ಬಿಟ್ಟುಕೊಟ್ಟರು. ಗಂಗರ ಶಾಸನಗಳಲ್ಲೂ ಇಂಥದೇ ಒಂದು ಪ್ರಸಂಗವಿದೆ. ಶ್ರೀಪುರುಷನ ಮಗ ಶಿವಮಾರ ರಾಷ್ಟ್ರಕೂಟರ ಸೆರೆಯಲ್ಲಿ ನರಳಿದವನು. ಮುಂದೆ ರಾಷ್ಟ್ರಕೂಟ ಗೋವಿಂದ ಮತ್ತು ಪಲ್ಲವ ನಂದಿವರ್ಮ ಇಬ್ಬರೂ ತಮ್ಮ ಕೈಯಾರೆ ಅವನ ಹಣೆಗೆ ಪಟ್ಟ ಕಟ್ಟಿದರೆಂದು ಅವು ಹೇಳುತ್ತವೆ.

ಯೂರೋಪಿನ ಉತ್ತರ ತೈಲ. ಫ್ರಾಂಕರ ಹಳೆಯ ಅರಸುಮನೆತನಕ್ಕೆ ಉದ್ದ ಕೂದಲೇ ರಾಜಚಿಹ್ನೆಯಾಗಿತ್ತು. 751ರಲ್ಲಿ ಆ ವಂಶದ ಕೊನೆಯ ಅರಸನ ಕೂದಲು ಕತ್ತರಿಸಿ ಅವನನ್ನು ಮಠಕ್ಕೆ ಕಳುಹಿಸಿದರು. ಹೊಸ ಅರಸ ಪಿಪಿನ್‌ಗೆ ರಾಜರಕ್ತದ ಹಕ್ಕಿರಲಿಲ್ಲ. ಆದ್ದರಿಂದ ಪ್ರವಾದಿ ಸಮುವೇಲನು ಸೌಲನನ್ನೂ ದಾವೀದನನ್ನೂ ಅಭಿಷೇಕಿಸಿದಂತೆ ಅವನಿಗೆ ಪವಿತ್ರ ತೈಲದ ಅಭಿಷೇಕವಾಯಿತು. 754ರಲ್ಲಿ ಜಗದ್ಗುರು ಎರಡನೆಯ ಸ್ಟೀಫನ್ ಅವರೇ ಆಲ್ಪ್ಸ್ ಪರ್ವತ ದಾಟಿ ಬಂದು ಅವನನ್ನೂ ಅವನ ಇಬ್ಬರು ಗಂಡುಮಕ್ಕಳನ್ನೂ ಅಭಿಷೇಕಿಸಿದರು. ಆ ಮಕ್ಕಳಲ್ಲಿ ಒಬ್ಬನೇ ಮುಂದಿನ ಶಾರ್ಲಮೇನ್.

ನಮ್ಮ ಕನ್ನಡದಲ್ಲಿ ಪಟ್ಟವೂ ಅಭಿಷೇಕವೂ ಸೇರಿ ಒಂದೇ ಮಾತಾಗಿರುವುದನ್ನು ಗಮನಿಸಿ: ಪಟ್ಟಾಭಿಷೇಕ. ಇಂದಿಗೂ ನಾವು ಒಬ್ಬರ ಯಾಜಕ ದೀಕ್ಷೆಯನ್ನು ಗುರುಪಟ್ಟ ಎನ್ನುತ್ತೇವೆ. ಅರಸರು ಹೋದರೂ ಅವರ ಮಾತು ನಮ್ಮ ಬಾಯಲ್ಲಿ ಉಳಿದಿದೆ.

ಹಣೆಯ ಮೇಲೆ ಕಟ್ಟುವ ಪಟ್ಟವಾಗಲಿ ತಲೆಗೆ ಸುರಿಯುವ ತೈಲವಾಗಲಿ, ಎರಡೂ ಒಂದು ವಿಷಯವನ್ನು ಸಾರುತ್ತವೆ. ರಾಜ ತನ್ನನ್ನು ತಾನೇ ರಾಜನನ್ನಾಗಿ ಮಾಡಿಕೊಳ್ಳಲಾರ. ಅಧಿಕಾರವನ್ನು ಇನ್ನೊಬ್ಬರ ಕೈಯಿಂದ ಪಡೆಯಬೇಕು. ಪಡೆದದ್ದಕ್ಕೆ ಲೆಕ್ಕವನ್ನೂ ಒಪ್ಪಿಸಬೇಕು.

ಬಾರ್ಸೆಲೋನಾದಿಂದ ಬಂದ ಗುರುಗಳು

ಇಷ್ಟೆಲ್ಲ ನಮಗೆ ತಿಳಿದದ್ದು ಹೇಗೆ? ಕಲ್ಲು, ತಾಮ್ರ, ಓಲೆ, ಚರ್ಮದ ಹಾಳೆಗಳ ಮುಂದೆ ಕುಳಿತು ಕಣ್ಣು ಸವೆಸಿದವರಿಂದ. ಅವರಲ್ಲಿ ಇಬ್ಬರು ಕಥೋಲಿಕರನ್ನು ನಾವು ವಿಶೇಷವಾಗಿ ನೆನೆಯಬೇಕು.

ಮೊದಲನೆಯವರು ಯೇಸುಸಭೆಯ ಗುರು ಹೆನ್ರಿ ಹೆರಾಸ್. ಇವರು 1888ರಲ್ಲಿ ಸ್ಪೇನ್ ದೇಶದ ಬಾರ್ಸೆಲೋನಾದಲ್ಲಿ ಹುಟ್ಟಿ 1922ರಲ್ಲಿ ಮುಂಬಯಿಗೆ ಬಂದರು. ಸಂತ ಕ್ಸೇವಿಯರ್ ಕಾಲೇಜಿನಲ್ಲಿ ಇತಿಹಾಸದ ಪ್ರಾಧ್ಯಾಪಕರಾದರು. ಯೂರೋಪಿನಿಂದ ಬಂದವರು ಯೂರೋಪಿನ ಚರಿತ್ರೆಯನ್ನೇ ಪಾಠ ಮಾಡಿಕೊಂಡು ಸುಖವಾಗಿರಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ತಾನು ಬಂದು ಸೇರಿದ ನಾಡಿನ ಚರಿತ್ರೆಯನ್ನು ಮೊದಲಿನಿಂದ ಕಲಿತರು. 1926ರಲ್ಲಿ ಅದೇ ಕಾಲೇಜಿನಲ್ಲಿ ಭಾರತೀಯ ಇತಿಹಾಸ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. 1927ರಲ್ಲಿ ವಿಜಯನಗರದ ಅರವೀಡು ವಂಶದ ಬಗ್ಗೆ, 1929ರಲ್ಲಿ ವಿಜಯನಗರದ ಆರಂಭದ ಬಗ್ಗೆ, 1933ರಲ್ಲಿ ಪಲ್ಲವರ ಬಗ್ಗೆ ಪುಸ್ತಕ ಬರೆದರು. 1955ರಲ್ಲಿ ಮುಂಬಯಿಯಲ್ಲೇ ಕಣ್ಣು ಮುಚ್ಚಿದರು. 1981ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಅವರು ಸ್ಥಾಪಿಸಿದ ಸಂಸ್ಥೆ ಇಂದು ಅವರ ಹೆಸರನ್ನೇ ಹೊತ್ತಿದೆ.

ಎರಡನೆಯವರು ಅವರ ಶಿಷ್ಯ ಜಾರ್ಜ್ ಎಂ. ಮೊರೇಸ್. ಇವರು 1927ರಲ್ಲಿ ಮಂಗಳೂರಿನ ಚರಿತ್ರೆಯನ್ನು ಕುರಿತು ಒಂದು ಚಿಕ್ಕ ಪುಸ್ತಕ ಬರೆದರು. ಬಳಿಕ ಗುರುಗಳ ಮಾರ್ಗದರ್ಶನದಲ್ಲಿ ಕದಂಬರ ಶಾಸನಗಳ ಬೆನ್ನು ಹತ್ತಿದರು. ಅದರ ಫಲವಾಗಿ 1931ರಲ್ಲಿ 'ಕದಂಬ ಕುಲ' ಎಂಬ ಇಂಗ್ಲಿಷ್ ಗ್ರಂಥ ಹೊರಬಂತು. ಬನವಾಸಿ, ಹಾನಗಲ್ಲು, ಗೋವೆಗಳಲ್ಲಿ ಆಳಿದ ಕದಂಬರ ವಂಶಾವಳಿ ಮಾತ್ರವಲ್ಲ, ಅವರ ಕಾಲದ ಆಡಳಿತ, ಧರ್ಮ, ವಿದ್ಯೆ, ವ್ಯಾಪಾರ, ಶಿಲ್ಪ ಎಲ್ಲವೂ ಅದರಲ್ಲಿ ಬಂದವು. ಕನ್ನಡ ನಾಡಿನ ಮೊದಲ ಅರಸುಮನೆತನದ ಬಗ್ಗೆ ಓದಬೇಕೆನ್ನುವವರು ಇಂದಿಗೂ ಆ ಗ್ರಂಥವನ್ನು ದಾಟಿ ಹೋಗುವಂತಿಲ್ಲ. 1964ರಲ್ಲಿ ಅವರು ಭಾರತದ ಕ್ರೈಸ್ತ ಧರ್ಮದ ಚರಿತ್ರೆಯನ್ನು, ಆರಂಭದಿಂದ ಸಂತ ಫ್ರಾನ್ಸಿಸ್ ಕ್ಸೇವಿಯರರ ಕಾಲದವರೆಗೆ, ಒಂದು ಗ್ರಂಥವಾಗಿ ಪ್ರಕಟಿಸಿದರು.

ಶೈವ ಮತ್ತು ಜೈನ ದೇಗುಲಗಳಿಗೆ ದತ್ತಿ ಬಿಟ್ಟ ಅರಸರ ಬಗ್ಗೆ ಒಬ್ಬ ಕಥೋಲಿಕ ವಿದ್ವಾಂಸ ಅಷ್ಟು ಶ್ರದ್ಧೆಯಿಂದ ಬರೆದದ್ದೇಕೆ ಎಂದು ಯಾರಾದರೂ ಕೇಳಬಹುದು. ಉತ್ತರ ಸರಳ. ಅದು ಅವರು ಕಾಲಿಟ್ಟು ನಡೆದ ನೆಲದ ಕಥೆ. ಕನ್ನಡ ನಾಡಿನ ಕ್ರೈಸ್ತನಿಗೆ ದಾವೀದ ಅರಸನಷ್ಟೇ ಮಯೂರಶರ್ಮನೂ ಗೊತ್ತಿರಬೇಕು. ನೆರೆಮನೆಯವರ ಹಿರಿಯರನ್ನು ಗೌರವಿಸದವನು ತನ್ನ ಹಿರಿಯರನ್ನು ಗೌರವಿಸುತ್ತಾನೆಂದು ನಂಬುವುದು ಕಷ್ಟ.

ಸುಳ್ಳು ಶಾಸನ, ಸುಳ್ಳು ದಾನಪತ್ರ

ಇತಿಹಾಸಕಾರನ ನಿಜವಾದ ಪರೀಕ್ಷೆ ಇರುವುದು ಇಲ್ಲಿ. ಎದುರಿಗಿರುವ ದಾಖಲೆ ನಿಜವೋ ಸುಳ್ಳೋ ಎಂದು ಅವನು ಹೇಳಲೇಬೇಕು.

ಗಂಗರ ತಾಮ್ರಶಾಸನಗಳ ಬಗ್ಗೆ ನೂರು ವರ್ಷಗಳ ಹಿಂದೆ ದೊಡ್ಡ ವಾದವೇ ನಡೆಯಿತು. ಒಂದು ಕಡೆ ಬಿ. ಎಲ್. ರೈಸ್. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಇವರು ಪ್ರೊಟೆಸ್ಟೆಂಟ್ ಧರ್ಮಪ್ರಚಾರಕರೊಬ್ಬರ ಮಗ. ಮೈಸೂರು ಸಂಸ್ಥಾನದ ಹಳ್ಳಿಹಳ್ಳಿಗಳಿಂದ ಸುಮಾರು 9000 ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ನೆಲಮಂಗಲದ ಶಾಸನಗಳು 1905ರ ಒಂಬತ್ತನೆಯ ಸಂಪುಟದಲ್ಲಿವೆ. ಇನ್ನೊಂದು ಕಡೆ ಜೆ. ಎಫ್. ಫ್ಲೀಟ್. ಇವರು ಗಂಗರ ಹಲವು ತಾಮ್ರಪಟಗಳನ್ನು ಅಕ್ಷರದ ರೂಪ, ತಿಥಿ ವಾರಗಳ ಲೆಕ್ಕ ನೋಡಿ ನಂತರದವರು ಸೃಷ್ಟಿಸಿದ ಖೋಟಾ ಪತ್ರಗಳು ಎಂದರು. ರೈಸ್ ಒಪ್ಪಲಿಲ್ಲ. ಮುಂದಿನ ವಿದ್ವಾಂಸರು ಒಂದೊಂದು ಪಟವನ್ನೂ ಬೇರೆಬೇರೆಯಾಗಿ ತೂಗಿ ನೋಡಿ, ಕೆಲವನ್ನು ಒಪ್ಪಿದರು, ಕೆಲವನ್ನು ಬದಿಗಿಟ್ಟರು. ಭೂಮಿಯ ಹಕ್ಕಿಗಾಗಿ ಹಳೆಯ ಅರಸನ ಹೆಸರಿನಲ್ಲಿ ಪತ್ರ ಸೃಷ್ಟಿಸುವುದು ಅಂದೂ ಇತ್ತು. ತಾಲ್ಲೂಕು ಕಚೇರಿಗೆ ಅಲೆದವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಂಥ ಖೋಟಾ ಪತ್ರ ಅನ್ಯರಲ್ಲಿ ಮಾತ್ರ ಇತ್ತೇ? ಇಲ್ಲ. ಮಣ್ಣೆಯಲ್ಲಿ ಶ್ರೀಪುರುಷ ಆಳುತ್ತಿದ್ದ ಎಂಟನೆಯ ಶತಮಾನದಲ್ಲೇ ಯೂರೋಪಿನಲ್ಲಿ 'ಕಾನ್‌ಸ್ಟಾಂಟೈನನ ದಾನಪತ್ರ' ಎಂಬುದು ಹುಟ್ಟಿಕೊಂಡಿತು. ನಾಲ್ಕನೆಯ ಶತಮಾನದ ಸಮ್ರಾಟ ಕಾನ್‌ಸ್ಟಾಂಟೈನನು ಪಶ್ಚಿಮದ ರಾಜ್ಯಾಧಿಕಾರವನ್ನು ಜಗದ್ಗುರು ಸಿಲ್ವೆಸ್ಟರ್ ಅವರಿಗೆ ಬಿಟ್ಟುಕೊಟ್ಟನೆಂದು ಅದು ಹೇಳುತ್ತಿತ್ತು. ಶತಮಾನಗಳ ಕಾಲ ಅದನ್ನು ನಂಬಿದರು. ಅದು ನಂಬಲರ್ಹವಲ್ಲ ಎಂದು 1433ರಲ್ಲಿ ಬರೆದವರು ಕೂಸಾದ ನಿಕೊಲಾಸ್. ಮುಂದೆ ಅವರು ಕಾರ್ಡಿನಲ್ ಆದರು. 1440ರಲ್ಲಿ ಲೊರೆಂಜೊ ವಾಲ್ಲಾ ಅದರ ಲ್ಯಾಟಿನ್ ಭಾಷೆಯನ್ನೇ ಸಾಕ್ಷಿಗೆ ಕರೆದು ಸುಳ್ಳನ್ನು ಬಯಲು ಮಾಡಿದರು. ಆ ಪತ್ರದಲ್ಲಿದ್ದ ಕೆಲವು ಮಾತುಗಳು ಕಾನ್‌ಸ್ಟಾಂಟೈನನ ಕಾಲದ ರೋಮಿನಲ್ಲಿ ಬಳಕೆಯಲ್ಲೇ ಇರಲಿಲ್ಲ. ಅದೇ ವಾಲ್ಲಾ ಕೆಲವು ವರ್ಷಗಳ ಬಳಿಕ ಜಗದ್ಗುರು ಐದನೆಯ ನಿಕೊಲಾಸ್ ಅವರ ಆಸ್ಥಾನದಲ್ಲೇ ಕೆಲಸಕ್ಕೆ ಸೇರಿದರು.

ಓದುಗರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಆ ದಾನಪತ್ರ ಸುಳ್ಳೆಂದು ಸಾಬೀತಾದಾಗ ನಮ್ಮ ವಿಶ್ವಾಸಕ್ಕೆ ನಷ್ಟವಾಯಿತೇ? ಸಂತ ಪೇತ್ರರ ಸ್ಥಾನ ಯಾವುದೇ ಸಮ್ರಾಟನ ಕಾಗದದ ಮೇಲೆ ನಿಂತಿರಲಿಲ್ಲ. ಸುಳ್ಳು ಕಳಚಿದಾಗ ಧರ್ಮಸಭೆ ಹಗುರವಾಯಿತು, ಬಡವಾಗಲಿಲ್ಲ. 1881ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ವ್ಯಾಟಿಕನ್ ದಾಖಲೆಗಳ ಭಂಡಾರವನ್ನು ಎಲ್ಲ ಮತಗಳ ವಿದ್ವಾಂಸರಿಗೂ ತೆರೆದರು. ಇತಿಹಾಸಕಾರನು ಸುಳ್ಳು ಹೇಳುವ ಧೈರ್ಯ ಮಾಡಬಾರದು, ನಿಜ ಹೇಳಲು ಹೆದರಲೂಬಾರದು ಎಂಬ ಹಳೆಯ ನಿಯಮವನ್ನು 1883ರ ತಮ್ಮ ಪತ್ರದಲ್ಲಿ ನೆನಪಿಸಿದರು. ಸುಳ್ಳುಸಾಕ್ಷಿ ಹೇಳಬೇಡ ಎಂಬ ಆಜ್ಞೆ ಬದುಕಿರುವವರ ಬಗ್ಗೆ ಮಾತ್ರವಲ್ಲ, ತೀರಿಹೋದವರ ಬಗ್ಗೆಯೂ ಅನ್ವಯಿಸುತ್ತದೆ.

ಗುರುವನ್ನು ಪ್ರೀತಿಸಿ, ಮಾತನ್ನು ತೂಗಿ

ಇತಿಹಾಸಕಾರರ ಬದುಕಿನಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ಆಸ್ಟ್ರಿಯಾದಲ್ಲಿ ಹುಟ್ಟಿದ ವಾಲ್ಟರ್ ಉಲ್ಮನ್ ಎಂಬ ವಿದ್ವಾಂಸರು ನಾಜಿಗಳ ಕಾಟಕ್ಕೆ 1938ರಲ್ಲಿ ದೇಶ ಬಿಟ್ಟು ಇಂಗ್ಲೆಂಡಿಗೆ ಬಂದರು. ಕೇಂಬ್ರಿಡ್ಜ್‌ನಲ್ಲಿ ಮಧ್ಯಯುಗದ ಚರಿತ್ರೆಯ ದೊಡ್ಡ ಹೆಸರಾದರು. ಶಾರ್ಲಮೇನ್ ವಂಶದ ಕಾಲದ ರಾಜತ್ವದ ಬಗ್ಗೆ 1969ರಲ್ಲಿ ಪುಸ್ತಕ ಬರೆದರು. ಅವರ ಬಳಿ ಸಂಶೋಧನೆ ಮಾಡಿದ ಶಿಷ್ಯೆ ಜಾನೆಟ್ ನೆಲ್ಸನ್. 1942ರಲ್ಲಿ ಹುಟ್ಟಿದ ಈಕೆ ಅರಸರ ಅಭಿಷೇಕ ವಿಧಿಗಳನ್ನೇ ವಿಷಯವಾಗಿ ಆರಿಸಿಕೊಂಡು 1967ರಲ್ಲಿ ಡಾಕ್ಟರೇಟ್ ಪಡೆದರು.

ಗುರು ಪಂಡಿತರ ಗ್ರಂಥಗಳಲ್ಲಿ ರಾಜತ್ವದ ಸಿದ್ಧಾಂತವನ್ನು ಹುಡುಕಿದರು. ಶಿಷ್ಯೆ ಇನ್ನೂ ಮುಂದೆ ಹೋಗಿ ಕೇಳಿದರು: ಅಭಿಷೇಕದ ದಿನ ಅಲ್ಲಿ ಯಾರು ಯಾರು ಸೇರಿದ್ದರು? ಯಾರ ಒಪ್ಪಿಗೆ ಬೇಕಾಗಿತ್ತು? ರಾಣಿಯ ಪಾಲೇನು? ಹೀಗೆ ಕೇಳಿದ್ದರಿಂದಲೇ 1978ರಲ್ಲಿ ಅವರು ಬ್ರುನ್‌ಹಿಲ್ಡ್ ಮತ್ತು ಬಾಲ್ತಿಲ್ಡ್ ಎಂಬ ಇಬ್ಬರು ರಾಣಿಯರ ಬಗ್ಗೆ ಪ್ರಸಿದ್ಧ ಲೇಖನ ಬರೆದರು. ಬಾಲ್ತಿಲ್ಡ್ ನಮ್ಮ ಸಂತರಲ್ಲಿ ಒಬ್ಬರು. ದಾಸಿಯಾಗಿ ಬಂದು ರಾಣಿಯಾದವರು. ಕ್ರೈಸ್ತರನ್ನು ಗುಲಾಮರಾಗಿ ಮಾರುವುದನ್ನು ನಿಷೇಧಿಸಿದರೆಂದು ಅವರ ಚರಿತೆ ಹೇಳುತ್ತದೆ. ನೆಲ್ಸನ್ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ದಶಕಗಳ ಕಾಲ ಪಾಠ ಹೇಳಿದರು. ಇಂಗ್ಲೆಂಡಿನ ರಾಯಲ್ ಹಿಸ್ಟಾರಿಕಲ್ ಸೊಸೈಟಿಗೆ ಮೊದಲ ಮಹಿಳಾ ಅಧ್ಯಕ್ಷರಾದರು. ಶಾರ್ಲಮೇನ್‌ನ ದೊಡ್ಡ ಜೀವನಚರಿತ್ರೆಯನ್ನು 2019ರಲ್ಲಿ, ತಮ್ಮ ಎಪ್ಪತ್ತರ ಮೇಲಿನ ವಯಸ್ಸಿನಲ್ಲಿ, ಹೊರತಂದರು. 2024ರಲ್ಲಿ ತೀರಿಕೊಂಡರು.

ಒಂದೇ ಪ್ರಶ್ನೆಗೆ ಐವತ್ತು ವರ್ಷ! ಗುರುವಿನಿಂದ ಕಲಿತು, ಗುರು ಕಾಣದ್ದನ್ನೂ ಕಂಡರು. ಹೆರಾಸ್ ಗುರುಗಳ ವಿಷಯದಲ್ಲೂ ಇದು ಸತ್ಯ. ಸಿಂಧೂ ಕಣಿವೆಯ ಲಿಪಿಯನ್ನು ಓದಿದೆನೆಂದು ಅವರು 1953ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದರು. ಅವರ ಓದನ್ನು ವಿದ್ವಾಂಸರು ಒಪ್ಪಲಿಲ್ಲ. ಇದರಿಂದ ಅವರ ಉಳಿದ ದುಡಿಮೆಯ ಬೆಲೆ ಕುಂದಲಿಲ್ಲ. ತಂದೆತಾಯಿ, ಗುರುಹಿರಿಯರನ್ನು ಗೌರವಿಸುವುದೆಂದರೆ ಅವರ ಎಲ್ಲ ಮಾತನ್ನೂ ಪರೀಕ್ಷಿಸದೆ ಒಪ್ಪುವುದಲ್ಲ. ಅವರು ಕೊಟ್ಟ ದೀಪ ಹಿಡಿದು ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋಗುವುದೂ ಗೌರವವೇ.

ನಮ್ಮ ಮನೆಗೆ ಏನು?

ಜ್ಞಾನಸ್ನಾನದ ದಿನ ಗುರುಗಳು ಮಗುವಿನ ನೆತ್ತಿಗೆ ಪರಿಮಳ ತೈಲ ಹಚ್ಚುತ್ತಾರೆ. ಯಾಜಕ, ಪ್ರವಾದಿ, ರಾಜ ಆಗಿರುವ ಕ್ರಿಸ್ತರಲ್ಲಿ ಆ ಮಗು ಪಾಲು ಪಡೆಯಿತೆಂದು ಅದರ ಅರ್ಥ. ಒಂದು ಕಾಲದಲ್ಲಿ ಪಿಪಿನ್, ಶಾರ್ಲಮೇನ್‌ರಂಥವರು ಹಂಬಲಿಸಿ ಪಡೆದ ಅಭಿಷೇಕ ಕೂಲಿಯವರ ಮಗುವಿಗೂ ದೊರೆಯುತ್ತದೆ. ರಾಜರ ಚರಿತ್ರೆ ನಮಗೆ ದೂರದ ವಿಷಯವಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ರಾಜನ ಮೊದಲ ಗುಣ ನ್ಯಾಯ. ನ್ಯಾಯದ ಮೊದಲ ಹೆಜ್ಜೆ ನಿಜ.

ಆದ್ದರಿಂದ ಕೆಲವು ಸರಳ ಸಲಹೆಗಳು:

ನಿಮ್ಮ ಹೊಲದಲ್ಲಿ, ಕೆರೆ ಏರಿಯಲ್ಲಿ, ಬಡಾವಣೆಗಾಗಿ ಅಗೆದ ಮಣ್ಣಿನಲ್ಲಿ ಅಕ್ಷರವಿರುವ ಕಲ್ಲೋ ವೀರಗಲ್ಲೋ ಕಂಡರೆ ಅದನ್ನು ಒಡೆಯಲು, ಪಾಯಕ್ಕೆ ಹಾಕಲು ಬಿಡಬೇಡಿ. ಬಣ್ಣ ಬಳಿಯಬೇಡಿ. ಫೋಟೋ ತೆಗೆದು, ಸಿಕ್ಕ ಜಾಗವನ್ನು ಬರೆದಿಟ್ಟು, ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ಕಲ್ಲಿನ ಕೆಳಗೆ ನಿಧಿಯಿದೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಓದಲು ಬರುವವರಿಗೆ ಕಲ್ಲೇ ನಿಧಿ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕಿತ್ತಯ್ಯ ಎಂಬ ವೀರನ ಕಲ್ಲು ಬೆಳಕಿಗೆ ಬಂತು. ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಶಾಸನ ಅದು. ಅದು ಉಳಿದದ್ದು ಆಸಕ್ತರಾದ ಸಾಮಾನ್ಯ ನಾಗರಿಕರು ಅದರ ಬೆಲೆ ತಿಳಿದು ಕಾಪಾಡಿದ್ದರಿಂದ.

ರಜೆಯ ದಿನ ಮಕ್ಕಳನ್ನು ಮಣ್ಣೆಗೆ ಕರೆದೊಯ್ಯಿರಿ. ಪಾಳುಬಿದ್ದ ಕಪಿಲೇಶ್ವರ ಗುಡಿಯ ಮುಂದೆ ನಿಲ್ಲಿಸಿ, ಇಲ್ಲಿ ಒಂದು ರಾಜಧಾನಿ ಇತ್ತೆಂದು ಹೇಳಿ. ಅಧಿಕಾರ ಎಷ್ಟು ದಿನದ್ದೆಂಬುದನ್ನು ಬೇರೆ ಉಪದೇಶವಿಲ್ಲದೆ ಅವರೇ ತಿಳಿದುಕೊಳ್ಳುತ್ತಾರೆ.

ಮನೆಯ ಹಿರಿಯರ ಜ್ಞಾನಸ್ನಾನ, ಮದುವೆಯ ದಾಖಲೆಗಳನ್ನು, ಹಳೆಯ ಪತ್ರಗಳನ್ನು ಗೆದ್ದಲಿಗೆ ಬಿಡದೆ ಕಾಪಾಡಿ. ಅಜ್ಜ ಯಾವ ಊರಿನಿಂದ ಬಂದರು, ಏನು ಕೆಲಸ ಮಾಡಿದರು ಎಂಬುದನ್ನು ಇದ್ದದ್ದು ಇದ್ದಂತೆ ಬರೆದಿಡಿ. ಕುಟುಂಬದ ಬಡತನವನ್ನು ಮುಚ್ಚಿಟ್ಟು ಇಲ್ಲದ ದೊಡ್ಡಸ್ತಿಕೆ ಸೇರಿಸಿದರೆ ಅದೂ ಒಂದು ಖೋಟಾ ತಾಮ್ರಪಟವೇ.

ಕೊನೆಯದಾಗಿ, ಮಗ ಅಥವಾ ಮಗಳು ಇತಿಹಾಸ ಓದುತ್ತೇನೆ ಎಂದರೆ ಹೆದರಬೇಡಿ. ಸಂಬಳದ ಚಿಂತೆ ಸಹಜ, ಅದನ್ನು ಮುಚ್ಚಿಡದೆ ಮಾತಾಡಿ. ಶಾಲೆ, ಕಾಲೇಜು, ವಸ್ತುಸಂಗ್ರಹಾಲಯ, ಪತ್ರಾಗಾರ, ಪತ್ರಿಕೆ, ಆಡಳಿತ ಸೇವೆ, ಇವೆಲ್ಲ ಆ ದಾರಿಯಲ್ಲಿವೆ. ಹಣವಂತರಾಗದೆ ಇರಬಹುದು. ಆದರೆ ಜಾತಿಯ ಹೆಸರಿನಲ್ಲಿ, ಮತದ ಹೆಸರಿನಲ್ಲಿ ಸುಳ್ಳು ಚರಿತ್ರೆ ಹರಡುವಾಗ "ಇದಕ್ಕೆ ಆಧಾರವೇನು?" ಎಂದು ಕೇಳಬಲ್ಲವರು ನಮ್ಮ ಮನೆಗಳಿಂದಲೂ ಬರಬೇಕು. ಅದು ಸಮಾಜಕ್ಕೆ ನಾವು ಕೊಡಬಹುದಾದ ದತ್ತಿ.

ಮನೆಯಲ್ಲಿ ಚರ್ಚಿಸಿ

1. ನಮ್ಮ ಮನೆಯಲ್ಲಿ, ಧರ್ಮಕೇಂದ್ರದಲ್ಲಿ ಅಧಿಕಾರ ಪಡೆದವರು ಅದನ್ನು ಯಾರಿಂದ ಪಡೆದರು? ಯಾರಿಗೆ ಲೆಕ್ಕ ಕೊಡುತ್ತಾರೆ?

2. ನಮ್ಮವರಿಗೆ ಅನುಕೂಲವಾದ ಸುಳ್ಳನ್ನು ನಾವು ಎಂದಾದರೂ ಸುಮ್ಮನೆ ಒಪ್ಪಿಕೊಂಡಿದ್ದೇವೆಯೇ?

3. ನಮ್ಮ ಊರಿನ ಹೆಸರು ಎಲ್ಲಿಂದ ಬಂತು? ಊರಿನ ಅತ್ಯಂತ ಹಳೆಯ ಕಲ್ಲು ಯಾವುದು? ಮುಂದಿನ ಭಾನುವಾರದೊಳಗೆ ಮಕ್ಕಳು ಹಿರಿಯರನ್ನು ಕೇಳಿ ಬರೆದು ತರಲಿ.